ಮೊದ್ಲ ಸಾಣೆಕಲ್ಲು ಯಾವ್ದು? ನಾಲ್ಕರ ಮೇಲೂ ಉಜ್ಜಿ ನೋಡಿದೀನಿ

ಚಾಕು ಸಾಣೆ ಹಿಡಿಯೋದು ಕಲಿಯೋಕೆ ಶುರು ಮಾಡಿದ್ಮೇಲೆ ನಾಲ್ಕು ಥರದ ಕಲ್ಲು ತಗೊಂಡು ಒಂದೇ ಸ್ಟೀಲ್ ಚಾಕುನ ಎಲ್ಲದ್ರ ಮೇಲೂ ಉಜ್ಜಿ ನೋಡ್ದೆ.

ಮೊದ್ಲು ಎಣ್ಣೆ ಹಾಕಿ ಉಜ್ಜೋ ಸಿಲಿಕಾನ್ ಕಾರ್ಬೈಡ್ ಕಲ್ಲು, ಒಂದು ಬದಿ ಒರಟು ಇನ್ನೊಂದು ನಯ. ಪೂರ್ತಿ ಮೊಂಡಾದ ಚಾಕುಗೆ ಒಳ್ಳೇದೇ, ಆದ್ರೆ ನಯ ಬದಿಯಲ್ಲೂ ಅಲಗು ಸ್ವಲ್ಪ ತರಿತರಿಯಾಗೇ ಉಳೀತು, ಜೊತೆಗೆ ಎಣ್ಣೆ ಒರೆಸೋ ಕೆಲ್ಸ ಬೇರೆ.

ಆಮೇಲೆ 400 ಗ್ರಿಟ್ ಡೈಮಂಡ್ ಪ್ಲೇಟ್, ಅಂದ್ರೆ ವಜ್ರದ ಪುಡಿ ಅಂಟಿಸಿದ ಲೋಹದ ತಟ್ಟೆ (ಗ್ರಿಟ್ ನಂಬರ್ ಹೆಚ್ಚಾದಷ್ಟೂ ಕಲ್ಲು ನಯ). ನೆನೆಸೋದು ಬೇಡ, ಹಳ್ಳ ಬೀಳಲ್ಲ, ತುಂಬಾ ಫಾಸ್ಟು. ಆ ಫಾಸ್ಟೇ ಕಲಿಯೋರಿಗೆ ತೊಂದ್ರೆ, ಕೋನ ತಪ್ಪಿದ್ದು ಗೊತ್ತಾಗೋಷ್ಟರಲ್ಲಿ ಲೋಹ ಹೋಗಿಬಿಟ್ಟಿರುತ್ತೆ, ಹೊಸದ್ರಲ್ಲಂತೂ ಇನ್ನೂ ಒರಟು, ಒತ್ತಲೇಬಾರ್ದು.

ನನಗೆ ನಿಜವಾಗ್ಲೂ ಕಲಿಸಿದ್ದು ನೀರಿನ ಕಲ್ಲು. ಕಿಂಗ್ ಅನ್ನೋ ಬ್ರಾಂಡಿಂದು, ಒಂದು ಬದಿ 1000 ಗ್ರಿಟ್ ಇನ್ನೊಂದು ಬದಿ 6000 ಇರೋದು ತಗೊಂಡೆ, ಗುಳ್ಳೆ ಬರೋದು ನಿಲ್ಲೋವರೆಗೂ ಒಂದು ಹತ್ತು ನಿಮಿಷ ನೀರಲ್ಲಿ ಮುಳುಗಿಸಿಡಬೇಕು, ಉಜ್ಜುತ್ತಾ ಹೋದಂಗೆ ಕಪ್ಪು ಕೆಸರು ಏಳುತ್ತೆ, ಅಲಗು ಕಲ್ಲಿಗೆ ಸರಿಯಾಗಿ ಕೂತಿದ್ಯಾ ಇಲ್ವಾ ಅನ್ನೋದು ಬೆರಳಿಗೆ, ಕಿವಿಗೆ ಎರಡಕ್ಕೂ ಗೊತ್ತಾಗುತ್ತೆ. ಒಂದು ಬದಿ ಉಜ್ಜಿ, ಎದುರು ಬದಿಯಲ್ಲಿ ಬೆರಳನ್ನ ಬೆನ್ನಿನ ಕಡೆಯಿಂದ ಅಂಚಿನ ಹೊರಕ್ಕೆ ಮೆಲ್ಲಗೆ ಸವರ್ದೆ, ತೆಳ್ಳಗೆ ಏನೋ ತಡೀತು, ಅದೇ ಬರ್, ಉಜ್ಜಿದಾಗ ಅಂಚಲ್ಲಿ ಆಚೆ ಬದಿಗೆ ಮಡಚಿಕೊಳ್ಳೋ ತೆಳು ಲೋಹ! ಅದು ಹಿಡಿಯಿಂದ ತುದಿವರೆಗೂ ಏಳದೇ ಇದ್ರೆ 6000 ಬದಿಗೆ ಹೋಗಿ ಪ್ರಯೋಜನ ಇಲ್ಲ, ಹೊಳಪು ಬರುತ್ತೆ ಹರಿತ ಬರಲ್ಲ. ಆ ಬದಿ ಮೆದು ಬೇರೆ, ಅಂಚು ಮುಂದೆ ಮಾಡಿ ತಳ್ಳಿದ್ರೆ ಕಲ್ಲಿಗೇ ಗೀರು ಬೀಳುತ್ತೆ, ಹಿಂದಕ್ಕೆ ಎಳೆಯೋದೇ ಸೇಫು. ನಾನು ಬರೀ ನಡುವಲ್ಲೇ ಉಜ್ಜಿ 1000 ಬದಿ ಹಳ್ಳ ಮಾಡ್ಕೊಂಡೆ, ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆ ಎಳೆದು ಅದೇ ಡೈಮಂಡ್ ಪ್ಲೇಟಲ್ಲಿ ಎಲ್ಲಾ ಗೆರೆ ಅಳಿಯೋವರೆಗೂ ತಿಕ್ಕಿದ್ಮೇಲೆ ಸಮ ಆಯ್ತು.

ಕೊನೇದು ಶಾಪ್ಟನ್ ಕುರೊಮಾಕು 1000, ಇದೂ ನೀರಿನ ಕಲ್ಲೇ, ಆದ್ರೆ ನೆನೆಸೋ ಹಂಗಿಲ್ಲ, ನೀರು ಚಿಮುಕಿಸಿದ್ರೆ ಸಾಕು. ಕಿಂಗ್‌ಗಿಂತ ಗಟ್ಟಿ, ನಿಧಾನಕ್ಕೆ ಸವೆಯುತ್ತೆ, ಕೈಗೆ ಸಿಗೋ ಸ್ಪರ್ಶ ಮಾತ್ರ ಸ್ವಲ್ಪ ಕಮ್ಮಿ.

ಈಗ ಯಾರಾದ್ರೂ ಕೇಳಿದ್ರೆ, 1000 ಗ್ರಿಟ್ ನೀರಿನ ಕಲ್ಲು ಒಂದು ತಗೊಳ್ಳಿ ಅಂತೀನಿ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡೋರಾದ್ರೆ ಶಾಪ್ಟನ್, ಕೂತು ನಿಧಾನಕ್ಕೆ ಕಲೀತೀನಿ ಅನ್ನೋರಿಗೆ ಕಿಂಗ್. ಜೊತೆಗೊಂದು ಮಾರ್ಕರ್ ಪೆನ್ ಇಟ್ಕೊಳ್ಳಿ, ಅಂಚಿಗೆ ಬಳಿದು ನಾಲ್ಕು ಸಲ ಉಜ್ಜಿ ನೋಡಿ, ಬಣ್ಣ ಬೆನ್ನಿನ ಕಡೆ ಮಾತ್ರ ಹೋಗಿ ಅಂಚಿನ ತುದೀಲಿ ಉಳಿದಿದ್ರೆ ಚಾಕುವಿನ ಬೆನ್ನನ್ನ ಇನ್ನೊಂಚೂರು ಎತ್ತಬೇಕು ಅಂತ.