300 ಪ್ರೈಮಾ, 200-500 ಜೂಮಾ? ಎರಡೂ ಲೆನ್ಸನ್ನು ವರ್ಷಗಟ್ಟಲೆ ಬಳಸಿದವನ ಮಾತು

ನಾನು ಗಂಗಾವತಿಯವನು. ಬಿಡುವು ಸಿಕ್ಕಾಗಲೆಲ್ಲ ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುತ್ತೇನೆ. ಕ್ಯಾಮೆರಾ ನಿಕಾನ್ ಡಿ7200. 2017ರಲ್ಲಿ ನಿಕಾನ್ 200-500 ಎಫ್/5.6 ಜೂಮ್ ಲೆನ್ಸ್ ತಗೊಂಡೆ, ಅಂದರೆ 200ರಿಂದ 500 ಮಿ.ಮೀ.ವರೆಗೆ ತಿರುಗಿಸಿ ದೂರದ್ದನ್ನು ಹತ್ತಿರ ಎಳೆಯುವಂಥದ್ದು. ಎಫ್ ಅನ್ನುವುದು ಲೆನ್ಸ್ ಎಷ್ಟು ಬೆಳಕು ಒಳಬಿಡುತ್ತದೆ ಅನ್ನುವ ಲೆಕ್ಕ; ಸಂಖ್ಯೆ ಕಮ್ಮಿಯಾದಷ್ಟೂ ಬೆಳಕು ಜಾಸ್ತಿ. 2020ರಲ್ಲಿ 300 ಎಫ್/4 ಪಿಎಫ್ ಪ್ರೈಮ್ ನನ್ನ ಕೈಗೆ ಬಂತು, ಅಂದರೆ 300 ಮಿ.ಮೀ. ಒಂದೇ ಅಳತೆಯ, ಜೂಮ್ ಆಗದ ಲೆನ್ಸ್. ಅದರ ಜೊತೆ 1.4 ಪಟ್ಟಿನ ಟೆಲಿಕನ್ವರ್ಟರ್, ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕಿ ಅಳತೆ ಹೆಚ್ಚಿಸುವ ತುಂಡು. ಹೋದ ವಾರ ರಾಯಚೂರಿನ ಗೆಳೆಯನೊಬ್ಬ ಫೋನ್ ಮಾಡಿ, "ಯಾವ್ದು ತಗೊಳ್ಳಲಿ ಅಣ್ಣಾ?" ಅಂತ ಕೇಳಿದ. ಅರ್ಧ ತಾಸು ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ತೂಕ, ಯಾಕಂದ್ರೆ ಉಳಿದ ಎಲ್ಲಾ ಮಾತೂ ಅಲ್ಲಿಗೇ ಬಂದು ನಿಲ್ಲುತ್ತದೆ. ಜೂಮ್ ತೂಕ, ಸ್ಟ್ಯಾಂಡಿಗೆ ಕೂರಿಸುವ ಕಾಲರ್ ಸೇರಿ, 2.3 ಕೆಜಿ. ಪ್ರೈಮ್ ಬರೀ 755 ಗ್ರಾಂ. ಟೆಲಿಕನ್ವರ್ಟರ್ ಹಾಕಿದರೂ ಒಂದು ಕೆಜಿ ದಾಟುವುದಿಲ್ಲ. ಪಿಎಫ್ ಅಂದರೆ ಫೇಸ್ ಫ್ರೆನೆಲ್. ಒಳಗಿನ ಒಂದು ಗಾಜಿನ ಮೇಲೆ ಸಣ್ಣ ಸಣ್ಣ ಸುತ್ತುಗಳಿರುತ್ತವೆ. ದಪ್ಪ ಗಾಜುಗಳು ಮಾಡುವ ಕೆಲಸವನ್ನು ಅದೊಂದೇ ಮಾಡುತ್ತದೆ, ಹಾಗಾಗಿ ಲೆನ್ಸ್ ಗಿಡ್ಡ, ಹಗುರ. ಇದಕ್ಕೊಂದು ಬೆಲೆಯೂ ಇದೆ. ಚೌಕಟ್ಟಿನೊಳಗೆ ಸೂರ್ಯನೋ ಜೋರಾದ ದೀಪವೋ ಬಂದರೆ ಬಣ್ಣದ ಉಂಗುರದಂಥ ಕಲೆ ಕಾಣಿಸಬಹುದು. ಮುಳುಗುವ ಸೂರ್ಯನ ಮುಂದೆ ಬೆಳ್ಳಕ್ಕಿ ಸಾಲು ತೆಗೆಯುವ ಆಸೆ ಇದ್ದರೆ ಇದು ಗೊತ್ತಿರಲಿ.

ಆನೆಗುಂದಿ ಕಡೆ ಬಂಡೆ ಹತ್ತುವಾಗ ಎರಡೂ ಕೈ ಬೇಕು. ಅಲ್ಲಿನ ಸಂದುಗಳಲ್ಲಿ ಕೊಂಬಿನ ಗೂಬೆ ಕೂರುತ್ತದೆ. ಜೂಮ್ ಹೊತ್ತು ಹೋದ ದಿನಗಳಲ್ಲಿ ನಾನು ಎಷ್ಟೋ ಸಲ ಅರ್ಧ ದಾರಿಗೇ ಸಾಕಾಗಿ ಕೂತಿದ್ದೇನೆ. ನಿಧಾನಕ್ಕೆ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ರೂಢಿಯಾಯಿತು. ಪ್ರೈಮ್ ಬಂದ ಮೇಲೆ ಮತ್ತೆ ಬೆಳಗಿನ ಹೊತ್ತು ನಡೆಯಲು ಶುರುಮಾಡಿದೆ. ಇನ್ನೊಂದು ಲಾಭ ಮೊದಲು ನನಗೆ ಹೊಳೆದಿರಲಿಲ್ಲ: ಪ್ರೈಮ್ 1.4 ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಜೂಮ್‌ಗೆ 2.2 ಮೀಟರ್ ಬೇಕು. ಬಂಡೆ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತ, ಚಿಟ್ಟೆ, ಎಲ್ಲಾ ಅದೇ ಲೆನ್ಸಿನಲ್ಲಿ ಸಿಗುತ್ತವೆ.

ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಿಮಾಲಯ ದಾಟಿ ಬರುವ ಹಕ್ಕಿಗಳು, ನೋಡಿದರೆ ಎದೆ ತುಂಬುತ್ತದೆ. ಗುಂಪು ಒಮ್ಮೆಲೇ ಮೇಲೆದ್ದರೆ ಪ್ರೈಮ್ ಥಟ್ಟನೆ ಹಿಡಿಯುತ್ತದೆ. ಜೂಮ್‌ನ ಫೋಕಸ್ ಅಷ್ಟು ಚುರುಕಲ್ಲ. ಸಾಲದ್ದಕ್ಕೆ 200ರಿಂದ 500ಕ್ಕೆ ಒಂದೇ ತಿರುವಿನಲ್ಲಿ ಹೋಗುವುದಿಲ್ಲ, ಕೈ ಬದಲಿಸಿ ಎರಡು ಸಲ ತಿರುಗಿಸಬೇಕು. ಅಷ್ಟರಲ್ಲಿ ಹಕ್ಕಿ ಆಚೆ ದಡದಲ್ಲಿರುತ್ತದೆ.

ಇಷ್ಟು ಓದಿ ಪ್ರೈಮ್ ಕಡೆ ವಾಲಬೇಡಿ. ದರೋಜಿ ಕರಡಿಧಾಮದ ವಿಷಯ ಹೇಳಲೇಬೇಕು.

1994ರಲ್ಲಿ ಆದ ಈ ಧಾಮದಲ್ಲಿ ನಾವು ನಿಲ್ಲುವುದು ವೀಕ್ಷಣಾ ಗೋಪುರದ ಮೇಲೆ. ಸಿಬ್ಬಂದಿ ಬಂಡೆಗಳಿಗೆ ಬೆಲ್ಲ ಬಳಿದು ಹೋಗುತ್ತಾರೆ, ಮಧ್ಯಾಹ್ನದ ಮೇಲೆ ಕರಡಿಗಳು ಇಳಿದು ಬರುತ್ತವೆ. ಕೆಳಗೆ ಇಳಿಯುವಂತಿಲ್ಲ. ಅಂದರೆ ದೂರ ಎಷ್ಟು ಅನ್ನುವುದು ಕರಡಿಯ ಕೈಯಲ್ಲಿದೆ, ನಮ್ಮ ಕಾಲಿನಲ್ಲಿಲ್ಲ. 2021ರಲ್ಲಿ ಪ್ರೈಮ್‌ಗೆ ಟೆಲಿಕನ್ವರ್ಟರ್ ಹಾಕಿಕೊಂಡು ನಿಂತಿದ್ದೆ, 420 ಆಗಿತ್ತು. ತಾಯಿ ಕರಡಿಯೊಂದು ಬೆನ್ನ ಮೇಲೆ ಮರಿ ಹೊತ್ತು ದೂರದಲ್ಲಿ ಕಂಡಿತು. ನೋಡುತ್ತಿದ್ದಂತೆ ಈ ಕಡೆಗೇ ನಡೆದು ಬಂತು. ಕೊನೆಗೆ ಚೌಕಟ್ಟಿನಲ್ಲಿ ಉಳಿದದ್ದು ತಾಯಿಯ ಮುಖ, ಮರಿಯ ಒಂದು ಕಿವಿ. ಟೆಲಿಕನ್ವರ್ಟರ್ ಬಿಚ್ಚುವಷ್ಟರಲ್ಲಿ ಎರಡೂ ಪೊದೆಯೊಳಗೆ ಹೋಗಿದ್ದವು. ಆ ಸಂಜೆ ಊಟ ಸೇರಲಿಲ್ಲ. ಮರುವರ್ಷ ಜೂಮ್ ಒಯ್ದೆ. ಬೇರೆ ತಾಯಿ, ಬೇರೆ ಮರಿ. ಈ ಸಲ 260ಕ್ಕೆ ಇಳಿಸಿ ಪೂರ್ತಿ ತೆಗೆದೆ, ಹಿಂದಿನ ಬಂಡೆ ಸಮೇತ. ನಮ್ಮ ಮನೆ ಗೋಡೆಯ ಮೇಲೆ ಇರುವುದು ಅದೇ.

ನೀರುನಾಯಿಗೂ ಜೂಮೇ ಸರಿ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರಾ ಹೊಳೆಯ ಸುಮಾರು 34 ಕಿ.ಮೀ. ಭಾಗವನ್ನು 2015ರಲ್ಲಿ ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿ ದಡದಲ್ಲಿ ಕೂತಲ್ಲೇ ಕೂರಬೇಕು. ಹತ್ತಿರ ಹೋಗಿ ಅವನ್ನು ಓಡಿಸಿ ತೆಗೆದ ಫೋಟೋ ನನಗೆ ಬೇಡ.

ಒಮ್ಮೆ ಒಂದು ವರ್ಷದ ಜೂಮ್ ಫೋಟೋಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಹತ್ತರಲ್ಲಿ ಎಂಟು 500ರಲ್ಲೇ ತೆಗೆದಿದ್ದವು. ಹಾಗಾದರೆ ಜೂಮ್ ಸುಮ್ನೆ ಹೊತ್ತಿದ್ದೇನಾ ಅನ್ನಿಸಿತು. ಆಮೇಲೆ ಉಳಿದ ಎರಡು ಭಾಗ ತೆರೆದೆ. ನಾನು ಯಾರಿಗಾದರೂ ತೋರಿಸುವ ಫೋಟೋಗಳು ಜಾಸ್ತಿ ಅದರಲ್ಲೇ ಇದ್ದವು: ಕರಡಿ, ನೀರುನಾಯಿ ಸಂಸಾರ, ಗದ್ದೆಯ ಹಸಿರಿನಲ್ಲಿ ನಿಂತ ಕೊಕ್ಕರೆ ಹಿಂಡು.

ಬೆಳಕಿನ ವಿಷಯದಲ್ಲಿ ಜನ ಮೋಸಹೋಗುವುದು ಇಲ್ಲೇ. ಪ್ರೈಮ್ ಎಫ್/4, ಜೂಮ್ ಎಫ್/5.6, ಒಂದು ಸ್ಟಾಪ್ ವ್ಯತ್ಯಾಸ, ಅಂದರೆ ಪ್ರೈಮ್ ಒಳಬಿಡುವ ಬೆಳಕು ಎರಡು ಪಟ್ಟು. ಹಾಗಾಗಿ ಜೂಮ್‌ಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಹೆಚ್ಚಿಸಿದಷ್ಟೂ ಫೋಟೋ ಕಾಳುಕಾಳಾಗುತ್ತದೆ) 3200 ಬೇಕಾದ ಕಡೆ ಪ್ರೈಮ್‌ಗೆ 1600 ಸಾಕು. ಸಂಜೆ ಕರಡಿಯ ಕಪ್ಪು ಕೂದಲಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಆದರೆ ಟೆಲಿಕನ್ವರ್ಟರ್ ಹಾಕಿದ ಕೂಡಲೇ ಪ್ರೈಮೂ ಎಫ್/5.6 ಆಗುತ್ತದೆ, ಅದೂ 420ಕ್ಕೆ. ಜೂಮ್ ಅದೇ ಎಫ್/5.6ರಲ್ಲಿ 500 ಕೊಡುತ್ತದೆ. ಬೆಲೆಯಲ್ಲೂ ಪ್ರೈಮ್ ಮತ್ತು ಟೆಲಿಕನ್ವರ್ಟರ್ ಸೇರಿದರೆ ಜೂಮ್‌ಗಿಂತ ದುಬಾರಿ. ಯಾವಾಗಲೂ ಟೆಲಿಕನ್ವರ್ಟರ್ ಹಾಕಿಯೇ ಬಳಸುವವರಿಗೆ ಆ ದುಡ್ಡಿಗೆ ಸಿಗುವುದು ಮುಖ್ಯವಾಗಿ ಕಮ್ಮಿ ತೂಕ.

ಧೂಳು ನಮ್ಮ ಕಡೆಯವರಿಗೆ ದೊಡ್ಡ ವಿಷಯ, ಅಲ್ವಾ? ಸಂಡೂರು ರಸ್ತೆಯ ಕೆಂಪು ಧೂಳಿನಲ್ಲಿ, ಗಾಳಿಗೆ ಬೆನ್ನು ಹಾಕದೆ, ಟೆಲಿಕನ್ವರ್ಟರ್ ಬದಲಿಸಿದ್ದೆ. ಸೆನ್ಸರ್ ಮೇಲೆ ಚುಕ್ಕೆಗಳು ಬಂದವು. ತಪ್ಪು ನನ್ನದೇ. ಈಗ ಮನೆ ಬಿಡುವಾಗ ಏನು ಹಾಕಿರುತ್ತೇನೋ ಅದೇ ಇಡೀ ದಿನ. ಬಿಸಿಲಿಗಂತೂ ಯಾವ ಲೆನ್ಸೂ ಮದ್ದಲ್ಲ. ಏಪ್ರಿಲ್‌ನಲ್ಲಿ ಬೆಳಗ್ಗೆ ಒಂಬತ್ತು ದಾಟಿದರೆ ನೆಲದಿಂದ ಝಳ ಎದ್ದು ದೂರದ ಹಕ್ಕಿ ಅಲುಗಾಡಿದಂತೆ ಮಸುಕಾಗುತ್ತದೆ. ಎಷ್ಟೋ ಜನ ಅದನ್ನು ಲೆನ್ಸಿನ ದೋಷ ಅಂದುಕೊಳ್ಳುತ್ತಾರೆ.

ಒಂದನ್ನೇ ಇಟ್ಟುಕೋ ಅಂದರೆ ನಾನು ಪ್ರೈಮ್ ಇಟ್ಟುಕೊಳ್ಳುತ್ತೇನೆ. ವಾರಕ್ಕೆ ಮೂರು ಬೆಳಗ್ಗೆ ನಡೆಯುವವನು ನಾನು, ಗೋಪುರಕ್ಕೆ ಹೋಗುವುದು ವರ್ಷಕ್ಕೆ ಎರಡು ಸಲ. ರಾಯಚೂರಿನ ಗೆಳೆಯನಿಗೆ ಮಾತ್ರ ಜೂಮ್ ಅಂದೆ. ಅವನು ಕೃಷ್ಣಾ ದಡದಲ್ಲಿ ಕಾರು ನಿಲ್ಲಿಸಿ, ಕಿಟಕಿಗೆ ದಿಂಬು ಇಟ್ಟು ತೆಗೆಯುವವನು. ತೂಕ ಅವನ ಹೆಗಲ ಮೇಲೆ ಬೀಳುವುದೇ ಇಲ್ಲ.

ಈಗ ಬಹಳ ಜನ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಮಿರರ್‌ಲೆಸ್ ಕ್ಯಾಮೆರಾಗೆ ಹೋಗುತ್ತಿರುವುದರಿಂದ ಎರಡೂ ಲೆನ್ಸು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ನೋಡಲು ಹೋದಾಗ ಕ್ಯಾಮೆರಾಗೆ ಹಾಕಿ ಅಂಗಡಿ ಹೊರಗೆ ಬನ್ನಿ. ಜೂಮ್ ಆದರೆ 500ಕ್ಕೆ ಚಾಚಿ, ಹಿಂದಿನಿಂದ ಟಾರ್ಚ್ ಹಿಡಿದು ಒಳಗೆ ಧೂಳು, ಬೂಷ್ಟು ಇದೆಯಾ ನೋಡಿ. ಆಮೇಲೆ ಎದುರು ಕಂಬದ ಮೇಲಿನ ಕಾಗೆಯನ್ನು ಹತ್ತು ನಿಮಿಷ ಕ್ಯಾಮೆರಾ ಕಣ್ಣಿಂದ ಇಳಿಸದೆ ಹಿಂಬಾಲಿಸಿ. ಎಡಗೈ ನಡುಗಲು ಶುರುವಾಯಿತಾ ಗಮನಿಸಿ, ಆಮೇಲೆ ಬೆಲೆ ಕೇಳಿ.