ಕಾವಿಗೆ ಕೂತ ಕೋಳಿಯನ್ನು ಉಳಿದ ಕೋಳಿಗಳ ಗೂಡಿನಲ್ಲೇ ಬಿಡಬೇಡಿ

ಹಿತ್ತಲಲ್ಲಿ ನಾಲ್ಕೈದು ಜವಾರಿ ಕೋಳಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿದ ತಪ್ಪು ತುಂಬಾ ಸಣ್ಣದು, ಆದರೆ ಅದರಿಂದ ಒಂದು ಬುಟ್ಟಿ ಮರಿ ಹೋದವು.

ನಮ್ಮ ಮನೆ ಗದಗ ಬೆಟಗೇರಿಯಲ್ಲಿ. ಹಿತ್ತಲಲ್ಲಿ ಏಳು ಹ್ಯಾಟಿ (ಹೆಣ್ಣು ಕೋಳಿ), ಒಂದು ಹುಂಜ. ಸಂಕ್ರಾಂತಿ ಮುಗಿದ ವಾರ ಕರಿ ಹ್ಯಾಟಿ ಕಾವಿಗೆ ಕೂತಿತು. ಕೈ ಹತ್ತಿರ ತಂದರೆ ಪುಕ್ಕ ಉಬ್ಬಿಸಿಕೊಂಡು ಗುರುಗುಟ್ಟುತ್ತಿತ್ತು, ಎತ್ತಿ ಹೊರಗೆ ಬಿಟ್ಟರೆ ಮತ್ತೆ ಓಡಿ ಬಂದು ಅಲ್ಲೇ ಕೂರುತ್ತಿತ್ತು. ನನಗೆ ಬಹಳ ಖುಷಿಯಾಯಿತು. ಹನ್ನೆರಡು ತತ್ತಿ ಆರಿಸಿ, ಬುಟ್ಟಿಯಲ್ಲಿ ಹುಲ್ಲು ಹಾಸಿ, ಅವ್ವ ಇಡುತ್ತಿದ್ದಂತೆ ಒಂದು ಇದ್ದಿಲ ಚೂರನ್ನೂ ಇಟ್ಟು, ಕೋಳಿಯನ್ನು ಕೂರಿಸಿದೆ. ಆದರೆ ಬುಟ್ಟಿ ಇಟ್ಟಿದ್ದು ಎಲ್ಲಾ ಕೋಳಿಗಳೂ ತತ್ತಿ ಇಡುವ ಅದೇ ಗೂಡಿನಲ್ಲಿ. ತತ್ತಿಗಳ ಮೇಲೆ ಗುರುತೂ ಹಾಕಲಿಲ್ಲ. "ಕಾವಿನ ಕೋಳಿನ ಬ್ಯಾರೆ ಇಡವಾ" ಅಂತ ಪಕ್ಕದ ಮನೆಯ ಅಜ್ಜಿ ಒಂದಲ್ಲ ಎರಡು ಸಲ ಹೇಳಿದ್ದರು. ನಾಳೆ ಮಾಡಿದರಾಯಿತು ಅಂದುಕೊಂಡೆ.

ಹತ್ತನೇ ದಿನ ಎಣಿಸಿದರೆ ಹದಿನೇಳು ತತ್ತಿ!

ಆಗಿದ್ದು ಇಷ್ಟು. ಕರಿ ಹ್ಯಾಟಿ ದಿನಕ್ಕೊಮ್ಮೆ ಮೇಯಲು, ನೀರು ಕುಡಿಯಲು, ಬೂದಿಯಲ್ಲಿ ಹೊರಳಾಡಲು ಹದಿನೈದು ಇಪ್ಪತ್ತು ನಿಮಿಷ ಏಳುತ್ತದಲ್ಲ, ಆ ಹೊತ್ತಿಗೆ ಬೇರೆ ಹ್ಯಾಟಿ ಬಂದು ಅದೇ ಬುಟ್ಟಿಯಲ್ಲಿ ತತ್ತಿ ಇಟ್ಟು ಹೋಗುತ್ತಿತ್ತು. ಕೆಲವೊಮ್ಮೆ ಇದು ಕೂತಿರುವಾಗಲೇ ಮೈಮೇಲೆ ಒತ್ತಿಕೊಂಡು ಬಂದು ಕೂರುತ್ತಿತ್ತು. ಆ ಜಗಳದಲ್ಲಿ ಎರಡು ಒಡೆದವು, ಲೋಳೆ ಉಳಿದವಕ್ಕೆಲ್ಲ ಮೆತ್ತಿಕೊಂಡು ಇರುವೆ ಬಂದವು. ಹೊಸ ತತ್ತಿ ಯಾವುದು, ಹಳೆಯದು ಯಾವುದು ಅಂತ ನೋಡಿದರೆ ಗೊತ್ತಾಗಲೇ ಇಲ್ಲ, ಎಲ್ಲ ಒಂದೇ ಬಣ್ಣ. ತೆಗೆಯಲು ಹೆದರಿಕೆ, ಬಿಡಲೂ ಹೆದರಿಕೆ. ಹಾಗೇ ಬಿಟ್ಟೆ.

ತತ್ತಿ ಜಾಸ್ತಿಯಾದರೆ ಅಂಚಿನ ಎರಡು ಮೂರಕ್ಕೆ ಮಾತ್ರ ಕಾವು ಸಿಗುವುದಿಲ್ಲ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಕೋಳಿ ಕೊಕ್ಕಿನಿಂದ ತತ್ತಿಗಳನ್ನು ಹೊರಳಿಸುತ್ತಾ ಜಾಗ ಬದಲಿಸುತ್ತಲೇ ಇರುತ್ತದೆ. ಇವತ್ತು ಅಂಚಿನಲ್ಲಿ ತಣ್ಣಗಾದದ್ದು ನಾಳೆ ನಡುವೆ, ನಡುವೆ ಇದ್ದದ್ದು ಅಂಚಿಗೆ. ಹೀಗೆ ಒಂದೊಂದಾಗಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ದೊಡ್ಡ ಅನಾಹುತ ಆದದ್ದು ಹದಿನಾರನೇ ದಿನ. ಅವತ್ತು ಸಂಜೆ ನಳದಲ್ಲಿ ನೀರು ಬಂತು. ನಮ್ಮ ಕಡೆ ನೀರು ದಿನಾ ಬರುವುದಿಲ್ಲ, ಎಷ್ಟೋ ದಿನಕ್ಕೊಮ್ಮೆ ಬರುತ್ತದೆ, ಬಂದ ದಿನ ಬೇರೆ ಯಾವ ಕೆಲಸವೂ ಇಲ್ಲ. ಬ್ಯಾರಲ್, ಕೊಡ, ಹಂಡೆ ಎಲ್ಲ ತುಂಬಿಸಿ ಮುಗಿಯುವಾಗ ರಾತ್ರಿ ಹನ್ನೊಂದು. ಗೂಡಿನ ಬಾಗಿಲು ಹಾಕಿದೆ, ಒಳಗೆ ನೋಡಲಿಲ್ಲ. ಬೆಳಿಗ್ಗೆ ಆರಕ್ಕೆ ನೋಡಿದರೆ ಕರಿ ಹ್ಯಾಟಿ ಪಕ್ಕದ ಬುಟ್ಟಿಯಲ್ಲಿ, ಯಾವುದೋ ಕೋಳಿ ಹಿಂದಿನ ದಿನ ಇಟ್ಟ ಒಂದೇ ಒಂದು ತತ್ತಿಯ ಮೇಲೆ ಕೂತಿದೆ. ಸಂಜೆ ಮೇಯಲು ಎದ್ದಾಗ ಅದರ ಬುಟ್ಟಿಯಲ್ಲಿ ಬೇರೆ ಹ್ಯಾಟಿ ಕೂತಿರಬೇಕು, ಪಾಪ, ಅದು ಸಿಕ್ಕ ಬುಟ್ಟಿಯಲ್ಲಿ ಕೂತುಬಿಟ್ಟಿದೆ. ಇಡೀ ರಾತ್ರಿ. ಚಳಿಗಾಲ ಇನ್ನೂ ಹೋಗಿರಲಿಲ್ಲ. ತತ್ತಿಗಳನ್ನು ಮುಟ್ಟಿದೆ, ಹೊಳೆಯ ಕಲ್ಲು ಮುಟ್ಟಿದ ಹಾಗಿತ್ತು. ಕೋಳಿಯನ್ನು ಎತ್ತಿ ಅವುಗಳ ಮೇಲೆ ಕೂರಿಸಿದೆ, ಅದು ಏನೂ ಆಗಿಲ್ಲ ಅನ್ನುವಂತೆ ಹೊಟ್ಟೆಯಡಿ ಒಂದೊಂದನ್ನೇ ಎಳೆದುಕೊಂಡಿತು.

ಇಪ್ಪತ್ತೊಂದು ದಿನಕ್ಕೆ ಏನೂ ಇಲ್ಲ. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ನಾಲ್ಕು ಮರಿ ಹೊರಬಂದವು. ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ತಾಯಿ ನಾಲ್ಕನ್ನೂ ಕರೆದುಕೊಂಡು ಬುಟ್ಟಿ ಬಿಟ್ಟಿತು. ಹಿಂದೆ ಹನ್ನೊಂದು ತತ್ತಿ ಉಳಿದವು.

ಒಂದರಿಂದ ಚಿಂವ್ ಚಿಂವ್ ಸದ್ದು ಬರುತ್ತಿತ್ತು. ಚಿಪ್ಪಿನಲ್ಲಿ ಜೋಳದ ಕಾಳಿನಷ್ಟು ತೂತು, ಅದರೊಳಗೆ ಕೊಕ್ಕಿನ ಬಿಳಿ ತುದಿ ಅಲ್ಲಾಡುತ್ತಿತ್ತು. ಒಳಗೆ ತಂದು ರಟ್ಟಿನ ಡಬ್ಬಿಯಲ್ಲಿ ಹಳೆ ಸೀರೆ ಹಾಸಿ ಬಲ್ಬಿನ ಕೆಳಗೆ ಇಟ್ಟೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಒಂದು ಗಂಟೆ ಕಾದು, ಸಹಾಯ ಮಾಡೋಣ ಅಂತ ಉಗುರಿನಿಂದ ಚಿಪ್ಪು ಬಿಡಿಸಲು ಶುರು ಮಾಡಿದೆ. ಒಳಗಿನ ಬಿಳಿ ಪೊರೆ ಹರಿದ ಕೂಡಲೇ ಕೆಂಪು ರಕ್ತ ಒಸರಿತು. ಪೊರೆಯ ನರಗಳು ಇನ್ನೂ ಒಣಗಿರಲಿಲ್ಲ. ಹೊಟ್ಟೆಯ ಹತ್ತಿರ ತತ್ತಿಯ ಹಳದಿ ಇನ್ನೂ ಪೂರ್ತಿ ಒಳಗೆ ಹೋಗಿರಲಿಲ್ಲ. ನನ್ನ ಅಂಗೈಯಲ್ಲೇ ಅದು ಕತ್ತು ಕೆಳಗೆ ಹಾಕಿತು. ತೂತು ಬಿದ್ದ ಮೇಲೆ ಮರಿ ಪೂರ್ತಿ ಹೊರಬರಲು ಒಂದು ದಿನವಾದರೂ ಹಿಡಿಯಬಹುದು ಅಂತ ನನಗೆ ಆಗ ಗೊತ್ತಿರಲಿಲ್ಲ. ನೀವು ದಯವಿಟ್ಟು ಚಿಪ್ಪಿಗೆ ಕೈ ಹಾಕಬೇಡಿ, ಬೆಚ್ಚಗೆ ಇಡಿ, ಪೊರೆ ಒಣಗದಂತೆ ಹತ್ತಿರ ಒದ್ದೆ ಬಟ್ಟೆ ಇಡಿ, ಕಾಯಿರಿ.

ಆ ಹಳದಿಯೇ ಮರಿಗೆ ಮೊದಲ ಎರಡು ದಿನದ ಬುತ್ತಿ. ಅದಕ್ಕೇ ಮೊದಲು ಹುಟ್ಟಿದ ಮರಿಗಳು ಏನೂ ತಿನ್ನದೆ ತಾಯಿಯ ರೆಕ್ಕೆಯಡಿ ಇರುತ್ತವೆ, ತಾಯಿಯೂ ಉಳಿದವಕ್ಕಾಗಿ ಕಾಯುತ್ತದೆ. ಆದರೆ ಎರಡು ದಿನದ ಆಚೆ ಕಾಯುವುದಿಲ್ಲ, ಹುಟ್ಟಿದವಕ್ಕೆ ಹಸಿವಾಗುತ್ತದೆ ಅಲ್ವಾ. ಹಾಗಾಗಿ ಎಲ್ಲಾ ತತ್ತಿಗೂ ಒಂದೇ ದಿನ ಕಾವು ಶುರುವಾಗಿರಲೇಬೇಕು.

ಎರಡು ದಿನ ಬಿಟ್ಟು ಉಳಿದ ಹತ್ತನ್ನು ಹಿತ್ತಲ ಮೂಲೆಯಲ್ಲಿ ಒಡೆದು ನೋಡಿದೆ. ಒಂದು ಕೊಳೆತಿತ್ತು. ಆರರಲ್ಲಿ ಪೂರ್ತಿ ಬೆಳೆದು ಸತ್ತ ಮರಿ. ಮೂರರಲ್ಲಿ ಪುಕ್ಕ ಬಂದಿದ್ದರೂ ಇನ್ನೂ ದಿನ ತುಂಬದ ಮರಿಗಳು, ಅವು ಮೊದಲ ಹತ್ತು ದಿನದೊಳಗೆ ಬೇರೆ ಹ್ಯಾಟಿಗಳು ಇಟ್ಟ ತತ್ತಿಗಳು. ತಾಯಿ ಎದ್ದ ದಿನ ಅವು ಜೀವಂತ ಇದ್ದವೋ ಏನೋ. ಅವತ್ತೇ ಕತ್ತಲಲ್ಲಿ ತತ್ತಿಗೆ ಟಾರ್ಚ್ ಹಿಡಿದು ಒಳಗೆ ಜೀವ ಇದೆಯಾ ಅಂತ ನೋಡಿದ್ದರೆ, ಬೇರೆ ಕಾವಿನ ಕೋಳಿ ಇರುವ ಮನೆಗೆ ಒಯ್ದು ಕೊಟ್ಟಿದ್ದರೆ ಅಂತ ಇನ್ನೂ ಅನಿಸುತ್ತದೆ.

ಹುಟ್ಟಿದ ನಾಲ್ಕರಲ್ಲಿ ಒಂದನ್ನು ಮಾರನೇ ದಿನ ಬೇರೆ ಹ್ಯಾಟಿ ತಲೆಗೆ ಕುಕ್ಕಿ ಕೊಂದಿತು. ಅದೂ ಅದೇ ಗೂಡಿನ ತಪ್ಪು. ಮೂರು ಉಳಿದವು.

ಹಾಗಾಗಿ ಹೇಳುತ್ತೇನೆ. ಕೋಳಿ ಕಾವಿಗೆ ಕೂತದ್ದು ಖಾತ್ರಿಯಾದ ಕೂಡಲೇ ಬೇರೆ ಜಾಗ ಮಾಡಿ. ಹಗಲಲ್ಲ, ರಾತ್ರಿ ಕತ್ತಲಲ್ಲಿ ಎತ್ತಿ ಒಯ್ಯಿರಿ, ಹಗಲು ಒಯ್ದರೆ ಹಳೆ ಜಾಗಕ್ಕೇ ಓಡುತ್ತದೆ. ಒಂದೆರಡು ದಿನ ಸುಳ್ಳು ತತ್ತಿ ಇಟ್ಟು ನೋಡಿ, ಗಟ್ಟಿಯಾಗಿ ಕೂತರೆ ಆಮೇಲೆ ನಿಜವಾದವನ್ನು ಎಲ್ಲ ಒಟ್ಟಿಗೇ ಇಡಿ. ಒಂದು ವಾರಕ್ಕಿಂತ ಹಳೆಯ ತತ್ತಿ ಬೇಡ, ಈಗಿನ ಬಿಸಿಲಿಗಂತೂ ಇನ್ನೂ ತಾಜಾ ಇರಲಿ. ಪ್ರತಿಯೊಂದರ ಮೇಲೂ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯಿರಿ, ಆಮೇಲೆ ಗೆರೆ ಇಲ್ಲದ ತತ್ತಿ ಕಂಡರೆ ಅವತ್ತೇ ತೆಗೆದು ಅಡುಗೆಮನೆಗೆ ಒಯ್ಯಿರಿ. ಗಿರಿರಾಜ ಅನ್ನುವ ಸುಧಾರಿತ ತಳಿಯ ಕೋಳಿ ಕಾವಿಗೆ ಕೂರುವುದಿಲ್ಲ ಅಂತ ಅದರ ತತ್ತಿಯನ್ನು ಜವಾರಿ ಕೋಳಿಯಡಿ ಇಡುವವರು, ಅದು ದೊಡ್ಡದು, ಎಣಿಕೆ ಕಡಿಮೆ ಮಾಡಿಕೊಳ್ಳಿ.

ಯುಗಾದಿ ಆದ ಮೇಲೆ ಕರಿ ಹ್ಯಾಟಿ ಮತ್ತೆ ಕೂತಿದೆ. ಈ ಸಲ ಬಚ್ಚಲ ಪಕ್ಕದ ಸಣ್ಣ ಕೋಣೆಯಲ್ಲಿ, ಬಾಗಿಲಿಗೆ ಜಾಳಿಗೆ ಕಟ್ಟಿ, ಮುಂದೆ ನೀರು, ನುಚ್ಚು, ಒಂದು ಬುಟ್ಟಿ ಬೂದಿ ಇಟ್ಟಿದ್ದೇನೆ. ಹತ್ತು ತತ್ತಿ, ಹತ್ತಕ್ಕೂ ಗೆರೆ. ನಿನ್ನೆ ಏಳನೇ ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಒಂಬತ್ತರಲ್ಲಿ ಜೇಡರ ಕಾಲಿನ ಹಾಗೆ ಕೆಂಪು ನರ ಹರಡಿದೆ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಾಡುತ್ತಿತ್ತು. ಒಂದು ಖಾಲಿ, ಅದನ್ನು ತೆಗೆದೆ. ನಾಳೆ ನಳ ಬರುವ ಸರದಿ, ಸಂಜೆ ಐದಕ್ಕೇ ಹೋಗಿ ನೋಡಿ ಬರುತ್ತೇನೆ.