ಎಟಿಮಾನ್‌ಲೈನ್ ರಿವ್ಯೂ: ‘ಡೆಫಿಸಿಟ್’ ಅಂತ ಹುಡುಕಿದ್ರೆ ಏನು ಸಿಗುತ್ತೆ, ಏನು ಸಿಗಲ್ಲ

ಇಂಗ್ಲಿಷ್ ಪದಗಳು ಎಲ್ಲಿಂದ ಬಂದ್ವು ಅಂತ ತಿಳ್ಕೊಳ್ಳೋ ಆಸೆ ಇರೋರಿಗೆ ಎಟಿಮಾನ್‌ಲೈನ್ ಅಂತ ಒಂದು ಸೈಟ್ ಇದೆ, ಪೂರ್ತಿ ಹೆಸರು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ, ಡಗ್ಲಾಸ್ ಹಾರ್ಪರ್ ಅನ್ನೋರು ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಪದ ಟೈಪ್ ಮಾಡಿದ್ರೆ ಸಾಕು. ಡಿಕ್ಷನರಿ ಹೇಗಿದೆ ಅಂತ ಹೇಳ್ಬೇಕಾದ್ರೆ ಹತ್ತು ಪದ ಮೇಲೆ ಮೇಲೆ ನೋಡೋದಕ್ಕಿಂತ ಒಂದೇ ಪದ ಹಿಡ್ಕೊಂಡು ಬುಡದವರೆಗೂ ಹೋಗೋದು ವಾಸಿ ಅನ್ನೋದು ನನ್ನ ಅಭಿಪ್ರಾಯ, ಅದಕ್ಕೆ ಬಜೆಟ್ ಬಂದಾಗೆಲ್ಲ ಕಿವಿಗೆ ಬೀಳೋ ಡೆಫಿಸಿಟ್, ಅಂದ್ರೆ ಕೊರತೆ, ಅನ್ನೋ ಪದ ತಗೊಂಡೆ.

ಇಂಗ್ಲಿಷಲ್ಲಿ ಈ ಪದ ಕಾಣಿಸ್ಕೊಂಡಿದ್ದು 1782ರಲ್ಲಿ, ಫ್ರೆಂಚ್‌ನಿಂದ ಬಂದಿದ್ದು, ಫ್ರೆಂಚ್‌ಗೆ ಲ್ಯಾಟಿನ್‌ನಿಂದ. ಇಷ್ಟು ಯಾವ ಡಿಕ್ಷನರಿಯಾದ್ರೂ ಹೇಳುತ್ತೆ ಬಿಡಿ. ಮಜಾ ಇರೋದು ಮುಂದೆ. ಲ್ಯಾಟಿನ್‌ನಲ್ಲಿ ಡೆಫಿಸಿಟ್ ಅನ್ನೋದು ನಾಮಪದಾನೇ ಅಲ್ಲ, ಕ್ರಿಯಾಪದ! ‘ಕಮ್ಮಿ ಇದೆ’, ‘ಸಿಗ್ತಾ ಇಲ್ಲ’ ಅಂತ ಅರ್ಥ. ಹಿಂದೆ ಆಸ್ತಿ, ಸಾಮಾನು ಎಲ್ಲ ಪಟ್ಟಿ ಮಾಡೋವಾಗ ಗುಮಾಸ್ತರು ಇರಬೇಕಾದ ವಸ್ತು ಕಾಣದಿದ್ರೆ ಆ ಸಾಲನ್ನ ಈ ಪದದಿಂದ ಶುರು ಮಾಡ್ತಿದ್ರಂತೆ, ಡೆಫಿಸಿಟ್, ಆಮೇಲೆ ಆ ವಸ್ತುವಿನ ಹೆಸರು. ಹಾಗೆ ಬರೀತಾ ಬರೀತಾ ಆ ಷರಾನೇ ಒಂದು ನಾಮಪದ ಆಗೋಯ್ತು, ಕೊನೆಗೆ ಇಡೀ ದೇಶಗಳ ಲೆಕ್ಕದ ಪುಸ್ತಕಕ್ಕೇ ಬಂದು ಕೂತ್ಕೊಂಡ್ತು. ನಮಗೆ ಇದು ಬೇಗ ಅರ್ಥ ಆಗುತ್ತೆ ಯಾಕಂದ್ರೆ ಕನ್ನಡದಲ್ಲೂ ‘ಇಲ್ಲ’ ಅಂದ್ರೆ ಒಂದು ಪೂರ್ತಿ ವಾಕ್ಯಾನೇ ಅಲ್ವಾ.

ಈ ಸೈಟ್‌ನ ನಿಜವಾದ ತಾಕತ್ತು ಲಿಂಕ್‌ಗಳಲ್ಲಿದೆ. ಮೂಲ ಧಾತು ‘ಡೆಫಿಸೆರೆ’, ಅಂದ್ರೆ ಬಿಟ್ಟುಹೋಗು, ಕೈಕೊಡು, ಸಾಲದೆ ಹೋಗು. ಅದರ ಬೆನ್ನು ಹತ್ತಿದ್ರೆ ಡಿಫೆಕ್ಟ್ ಸಿಗುತ್ತೆ, ಡೆಫಿಷಿಯೆಂಟ್ ಸಿಗುತ್ತೆ, ನಾವು ಪಕ್ಷಾಂತರ ಅಂತೀವಲ್ಲ ಆ ಡಿಫೆಕ್ಷನ್ ಕೂಡ ಅದೇ ವಂಶದ್ದು. ಖಜಾನೆಯಿಂದ ಕಾಣೆಯಾದ ಹಣ, ಪಾರ್ಟಿಯಿಂದ ಕಾಣೆಯಾದ ಶಾಸಕ, ಎರಡಕ್ಕೂ ಒಂದೇ ಬೇರು. ಇನ್ನೂ ಹಿಂದಕ್ಕೆ ಹೋದ್ರೆ ಮಾಡು ಅನ್ನೋ ಅರ್ಥದ ‘ಫಾಸೆರೆ’ ಸಿಗುತ್ತೆ, ಸಫಿಷಿಯೆಂಟ್, ಎಫಿಷಿಯೆಂಟ್ ಹುಟ್ಟಿದ್ದೂ ಅಲ್ಲಿಂದಾನೇ, ಹಾಗಾಗಿ ಸಾಲೋದು, ಸಾಲದೆ ಇರೋದು ಎರಡೂ ಒಂದೇ ಮನೆ ಮಕ್ಕಳು. ಬಜೆಟ್ ಪದಾನೂ ನೋಡಿ, ಚರ್ಮದ ಚೀಲ ಅಂತ ಹಳೇ ಅರ್ಥ ಇದೆ, ಚೆನ್ನಾಗಿದೆ.

ಆದ್ರೆ ಇದನ್ನೇ ನಂಬ್ಕೊಂಡು ಅರ್ಥಶಾಸ್ತ್ರ ಕಲಿಯೋಕೆ ಹೋಗ್ಬೇಡಿ, ಅದು ಈ ಸೈಟ್‌ನ ಕೆಲಸ ಅಲ್ಲ. ಡೆಫಿಸಿಟ್ ಬೇರೆ, ಸಾಲ ಬೇರೆ, ಟೀವಿ ಚರ್ಚೆಗಳಲ್ಲಿ ಎಷ್ಟೋ ಜನ ಎರಡನ್ನೂ ಕಲಸಿಬಿಡ್ತಾರೆ. ಒಂದು ವರ್ಷದಲ್ಲಿ ಸರ್ಕಾರಕ್ಕೆ ಬಂದಿದ್ದಕ್ಕಿಂತ ಖರ್ಚು ಎಷ್ಟು ಜಾಸ್ತಿ ಆಯ್ತು ಅನ್ನೋದು ಕೊರತೆ, ವರ್ಷವರ್ಷದ ಕೊರತೆಗೆ ತಂದಿದ್ದೆಲ್ಲ ಸೇರ್ಕೊಂಡು ನಿಂತಿರೋದು ಸಾಲ. ಕೊರತೆ ಈ ವರ್ಷ ಕಮ್ಮಿ ಆಯ್ತು ಅಂದ್ರೆ ಸಾಲ ಕರಗ್ತು ಅಂತಲ್ಲ, ಬೆಳೆಯೋ ವೇಗ ಕಮ್ಮಿ ಆಯ್ತು ಅಷ್ಟೇ. ಈ ಕೊರತೆಗೆ ವಿತ್ತೀಯ ಕೊರತೆ ಅಂತಾರೆ, ಅದರಲ್ಲಿ ಸಾಲದ ಬಡ್ಡಿ ಕಳೆದ್ರೆ ಪ್ರಾಥಮಿಕ ಕೊರತೆ ಅಂತೆಲ್ಲ ಇದೆ, ಅದಕ್ಕೆ ಬೇರೆ ಪುಸ್ತಕ ನೋಡ್ಬೇಕು.

ಇತಿಹಾಸಾನೂ ಹೊರಗಡೆ ಓದಿದ್ರೇನೇ ಆ 1782ಕ್ಕೆ ಜೀವ ಬರೋದು. ಅದರ ಹಿಂದಿನ ವರ್ಷ, 1781ರಲ್ಲಿ, ಫ್ರಾನ್ಸ್‌ನ ಹಣಕಾಸು ನೋಡ್ಕೊಳ್ತಿದ್ದ ನೆಕ್ಕರ್ ರಾಜನ ಲೆಕ್ಕಪತ್ರನ ಅಚ್ಚು ಹಾಕಿಸಿ ಜನರ ಮುಂದಿಟ್ಟ. ಅದರಲ್ಲಿ ಸುಮಾರು 1 ಕೋಟಿ ಲೀವ್ರ್ (ಆಗಿನ ಫ್ರೆಂಚ್ ನಾಣ್ಯ) ಮಿಗತೆ ತೋರಿಸಿದ್ದ, ಯುದ್ಧದ ಖರ್ಚನ್ನ ವಿಶೇಷ ಖರ್ಚು ಅಂತ ಪಕ್ಕಕ್ಕಿಟ್ಟು! 1787ರಲ್ಲಿ ಆಗ ಹಣಕಾಸು ನೋಡ್ಕೊಳ್ತಿದ್ದ ಕಲೋನ್ ಗಣ್ಯರ ಸಭೆ ಕರೆಸಿ ಖಜಾನೆಯಲ್ಲಿ ಭಾರೀ ಕೊರತೆ ಇದೆ ಅಂತ ಒಪ್ಕೊಳ್ಳಬೇಕಾಯ್ತು, ಜನ ರಾಣಿ ಮರೀ ಆಂಟೋನೆಟ್‌ಗೆ ‘ಮೇಡಂ ಡೆಫಿಸಿಟ್’ ಅಂತಾನೇ ಹೆಸರಿಟ್ರು, ಎರಡು ವರ್ಷಕ್ಕೆ ಕ್ರಾಂತಿ. ಗುಮಾಸ್ತರ ಷರಾ ಬೀದಿ ಬೈಗುಳ ಆಗಿದ್ದು ಹೀಗೆ.

ಇನ್ನೊಂದು ವಿಷಯ, ಕನ್ನಡ ಪದಗಳಿಗೆ ಈ ಸೈಟ್ ಉಪಯೋಗಕ್ಕೆ ಬರಲ್ಲ. ‘ಕೊರತೆ’ ಬಗ್ಗೆ ತಿಳೀಬೇಕು ಅಂದ್ರೆ ಟಿ. ಬರೋ ಮತ್ತು ಎಂ. ಬಿ. ಎಮೆನೋ ಅನ್ನೋ ವಿದ್ವಾಂಸರು ಮಾಡಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಇದೆ, ಷಿಕಾಗೋ ಯೂನಿವರ್ಸಿಟಿಯ ಸೈಟ್‌ನಲ್ಲಿ ಫ್ರೀಯಾಗಿ ಸಿಗುತ್ತೆ. ಹಳಗನ್ನಡದಲ್ಲಿ ಅದನ್ನ ಱ ಅಕ್ಷರ ಹಾಕಿ ಕೊಱತೆ ಅಂತ ಬರೀತಿದ್ರು, ತಮಿಳಿನ ಕುಱೈ, ತೆಲುಗಿನ ಕೊರತ ಎಲ್ಲ ಅದರ ನೆಂಟರು. ಎಟಿಮಾನ್‌ಲೈನ್‌ನಷ್ಟು ಸಲೀಸಾಗಿ ಓದಿಸ್ಕೊಂಡು ಹೋಗಲ್ಲ, ಸಂಕ್ಷೇಪಾಕ್ಷರ ಜಾಸ್ತಿ, ಹೊಸಬರಿಗೆ ಸ್ವಲ್ಪ ಕಷ್ಟ. ಅದೇ ಮಾಹಿತಿನ ಎಟಿಮಾನ್‌ಲೈನ್ ಥರ ಒಂದು ಪದ ಮುಟ್ಟಿದ್ರೆ ಇನ್ನೊಂದಕ್ಕೆ ಹೋಗೋ ಹಾಗೆ, ಕನ್ನಡದಲ್ಲೇ ವಿವರಣೆ ಬರೆದು ಯಾರಾದ್ರೂ ಮಾಡಿಕೊಟ್ರೆ ನಾನಂತೂ ದುಡ್ಡು ಕೊಟ್ಟಾದ್ರೂ ಬಳಸ್ತೀನಿ.

ಇಂಗ್ಲಿಷ್ ಓದೋಕೆ ಬರೋ ಎಲ್ಲರಿಗೂ, ಅದರಲ್ಲೂ ಕಾಮರ್ಸ್ ಓದ್ತಿರೋ ಮಕ್ಕಳಿಗೆ, ಎಟಿಮಾನ್‌ಲೈನ್ ಧಾರಾಳವಾಗಿ ಹೇಳ್ತೀನಿ. ಡೆಫಿಸಿಟ್ ಆದ್ಮೇಲೆ ಸಾಲ ಅನ್ನೋ ಅರ್ಥದ ಡೆಟ್ (debt) ನೋಡಿ, ಆ ಬಾಯಿಗೆ ಬರದ ‘ಬಿ’ ಅಕ್ಷರ ಯಾಕಿದೆ ಅಂತ ಅಲ್ಲಿ ಬರೆದಿದೆ.